ಓಗೊಟ್ಟ ಬ್ಯಾರನ್

ಬೆಳಗಿನ ಏಳೂವರೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಕನಕರಾಜು ಟೇಬಲ್ಲಿನ ಮೇಲಿದ್ದುದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡ. ಹಾಗೆ ಬಾಚಿದ್ದೇ ಮುಂದಿನ ರಾಮಾಯಣಕ್ಕೆಲ್ಲ ಕಾರಣ.

"ರೀ, ಒಂದ್ಸಲ ನೋಡ್ಕೊಳ್ಳಿ, ಏನೇನೋ ಹಾಕ್ಕೊಂಡ್ರಿ," ಎಂದಳು ಹೆಂಡತಿ ರಾಧಾ.

"ತಡೀಬೇಡ ಕಣೇ! ಇವತ್ತು ನನ್ನ ಕೆಲಸ ಕಾಯಂ ಆಗೋ ದಿನ!"

ರಾಧಾ ಮೈಸೂರಿನಲ್ಲಿ ಅವನ ಜೊತೆಯಲ್ಲೇ ಎಂಸಿಎ ಓದಿದವಳು. ಅವನಿಗಿಂತ ಹನ್ನೊಂದು ಮಾರ್ಕ್ಸ್ ಜಾಸ್ತಿ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಪಿರಿಯಾಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಕನಕರಾಜು ಆರು ವರ್ಷದಿಂದ ಅತಿಥಿ ಉಪನ್ಯಾಸಕ. ಆರು ವರ್ಷ ಠಿಕಾಣಿ ಹೂಡಿದ ಅತಿಥಿಯನ್ನು ಯಾವ ಮನೆಯವರು ತಾನೇ ಆದರಿಸುತ್ತಾರೆ? ಇದ್ದದ್ದು ಒಂದೇ ಕಾಯಂ ಹುದ್ದೆ. ಅದರ ಮೇಲೆ ಸಹೋದ್ಯೋಗಿ ಧರ್ಮೇಂದ್ರನಿಗೂ ಕಣ್ಣು. ಇವತ್ತು ಕಾರ್ಯದರ್ಶಿ ಅಂಕಯ್ಯನವರು ಖುದ್ದು ಪಾಠ ನೋಡಿ ತೀರ್ಮಾನ ಹೇಳುವವರಿದ್ದರು.

ದೂರದ ಕಂಪ್ಯೂಟರಿನಲ್ಲಿರುವ ಆಬ್ಜೆಕ್ಟನ್ನು, ಅಂದರೆ ಹೇಳಿದ ಕೆಲಸ ಮಾಡುವ ಪ್ರೋಗ್ರಾಮಿನ ತುಣುಕನ್ನು, ಇಲ್ಲಿಂದಲೇ ಕರೆದು ಕೆಲಸ ಮಾಡಿಸುವುದು ಹೇಗೆ ಎಂಬುದು ಅಂದಿನ ಪಾಠ. ಅದಕ್ಕಾಗಿ ಕನಕರಾಜು ತನ್ನೂರು ಬೆಟ್ಟದಪುರದ ತನ್ನ ಬ್ಯಾರನ್ನನ್ನೇ, ಅಂದರೆ ಹೊಗೆಸೊಪ್ಪನ್ನು ಕಾವು ಕೊಟ್ಟು ಬೇಯಿಸುವ ಕೋಣೆಯನ್ನೇ, ಆಬ್ಜೆಕ್ಟು ಮಾಡಿದ್ದ. ಬ್ಯಾರನ್ನಿನ ಪಕ್ಕದಲ್ಲೊಂದು ಲ್ಯಾಪ್‌ಟಾಪು. ಅದಕ್ಕೆ ಸಿಕ್ಕಿಸಲು ಒಂದು ಪುಟ್ಟ ಪೆಟ್ಟಿಗೆ. ಬ್ಯಾರನ್ನಿನ ಒಳಗಿನ ಉಷ್ಣ ಅಳೆಯುವುದೂ ಅದೇ, ಹಗ್ಗ ಎಳೆದು ಗಾಳಿಕಿಂಡಿ ತೆಗೆಯುವುದೂ ಅದೇ.

ಪ್ರಿನ್ಸಿಪಾಲರಾದ ನೀಲಾಂಬಿಕೆ ಮೇಡಂ ಎಲ್ಲರ ಫೋನನ್ನೂ ಆಫ್ ಮಾಡಿಸಿ ಒಂದು ಟ್ರೇಯಲ್ಲಿಟ್ಟರು. ಪಾಠ ಶುರುವಾಯಿತು.

"ಈ ಕಂಪ್ಯೂಟರಿನಲ್ಲಿರೋದು ಬರೀ ಪ್ರತಿನಿಧಿ," ಎಂದ ಕನಕರಾಜು. "ನಾನು ಇದಕ್ಕೆ ಹೇಳ್ತೀನಿ, ಇದು ಬೆಟ್ಟದಪುರಕ್ಕೆ ಮುಟ್ಟಿಸುತ್ತೆ. ಅಲ್ಲಿರೋ ನಿಜವಾದ ಆಬ್ಜೆಕ್ಟು ಕೆಲಸ ಮಾಡಿ ಉತ್ತರ ಕಳ್ಸುತ್ತೆ. ಅದು ಹೇಗೆ ಮಾಡ್ತು ಅನ್ನೋದು ಕರೆದೋರಿಗೆ ಬೇಕಾಗೇ ಇಲ್ಲ!"

'ಉಷ್ಣ ಎಷ್ಟು?' ಒತ್ತಿದ. ಒಂದು ನಿಮಿಷವಾಯಿತು, ಎರಡಾಯಿತು.

"ನಿಮ್ಮ ಆಬ್ಜೆಕ್ಟು ನಡ್ಕೊಂಡು ಬರ್ತಾ ಇದೆಯೇನ್ರೀ?" ಎಂದ ಧರ್ಮೇಂದ್ರ.

ಅಷ್ಟರಲ್ಲಿ ಪರದೆಯ ಮೇಲೆ '112' ಎಂದು ಮೂಡಿತು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ! ಬದುಕಿದೆಯಾ ಬಡಜೀವವೇ ಎಂದು ಕನಕರಾಜು ಉಸಿರು ಬಿಟ್ಟ.

"ಎಲ್ಲಿ, ಕಿಂಡಿ ತೆಗ್ಸಿ ಮೇಷ್ಟ್ರೇ!" ಅಂಕಯ್ಯನವರು ಕುರ್ಚಿಯ ತುದಿಗೆ ಬಂದರು. ಅವರೂ ಹೊಗೆಸೊಪ್ಪು ಬೆಳೆಯುವವರೇ.

ಈ ಸಲ ತಡವಾಗಲಿಲ್ಲ. 'ತೆರೆದಾಯ್ತು' ಎಂದು ತಟ್ಟನೆ ಉತ್ತರ ಬಂತು. ಮುಚ್ಚು ಎಂದರೆ 'ಮುಚ್ಚಿಯಾಯ್ತು'. ಹುಡುಗರು ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಅಂಕಯ್ಯನವರೇ ಒಂಬತ್ತು ಸಲ ಒತ್ತಿದರು. ಇನ್ನಾದರೂ ಕೈಕೊಡಲಿ ಎಂಬ ಆಸೆಗೆ ಧರ್ಮೇಂದ್ರ ಹನ್ನೆರಡು ಸಲ ಒತ್ತಿದ.

ಆಗ ಬಂದ ಉತ್ತರ: 'ಸಾಕು.'

ಧರ್ಮೇಂದ್ರ ಮತ್ತೆ ಒತ್ತಿದ. 'ಇನ್ನೂ ತಿಂಡಿ ಆಗಿಲ್ಲ.'

"ಏನ್ರೀ ಇದು ಅವಸ್ಥೆ?" ಧರ್ಮೇಂದ್ರನ ಮುಖ ಅರಳಿತು.

ಅಂಕಯ್ಯನವರು ಮೇಜು ಗುದ್ದಿ ಎದ್ದರು. "ಮಾತಾಡ್ತದೆ ಕಣ್ರೀ! ಬ್ಯಾರನ್ನೇ ಮಾತಾಡ್ತದೆ! ನಾನೂ ಮೂವತ್ತು ವರ್ಸದಿಂದ ಸೊಪ್ಪು ಬೇಯಿಸ್ತಾ ಇವ್ನಿ, ಇಂಗಾದ್ದು ಕಂಡಿಲ್ಲ!"

"ಇದು ಎಐ ಸಾರ್," ಎಂದರು ನೀಲಾಂಬಿಕೆ ಮೇಡಂ ಗಂಭೀರವಾಗಿ.

ಬೆವರೊರೆಸಿಕೊಳ್ಳಲು ಕರ್ಚೀಫಿಗೆಂದು ಕನಕರಾಜು ಚೀಲಕ್ಕೆ ಕೈ ಹಾಕಿದ. ಕೈಗೆ ಗಟ್ಟಿಯಾದದ್ದೇನೋ ತಗುಲಿತು. ಬಗ್ಗಿ ನೋಡಿದರೆ ಪೆಟ್ಟಿಗೆ! ಉಷ್ಣ ಅಳೆಯಬೇಕಾದ, ಹಗ್ಗ ಎಳೆಯಬೇಕಾದ ಪೆಟ್ಟಿಗೆ ವೈರು ಸಮೇತ ಇಲ್ಲಿ ಕೂತಿದೆ. ಹಾಗಾದರೆ ಬೆಟ್ಟದಪುರದಲ್ಲಿ ಉತ್ತರ ಕೊಡುತ್ತಿರುವುದು ಯಾರು? ಅವನು ಗಕ್ಕನೆ ಚೀಲದ ಬಾಯಿ ಮುಚ್ಚಿದ.

"ನಡೀರಿ ಮೇಷ್ಟ್ರೇ, ಕಣ್ಣಾರೆ ನೋಡಾನ! ಆರ್ಡರ್ ಅಲ್ಲೇ ಕೊಡ್ತೀನಿ!" ಹೆಸರಿನ ಜಾಗ ಖಾಲಿ ಬಿಟ್ಟ ನೇಮಕದ ಪತ್ರವನ್ನು ಜೇಬಿಗಿಟ್ಟುಕೊಂಡು ಅಂಕಯ್ಯನವರು ಕಾರು ಹತ್ತಿಯೇಬಿಟ್ಟರು. ಕನಕರಾಜು ಚೀಲವನ್ನು ಎಳೆಕೂಸಿನಂತೆ ಅವುಚಿಕೊಂಡು ಹಿಂದೆ ಕೂತ.

ಬ್ಯಾರನ್ನಿನ ಮುಂದೆ ಕಾರು ನಿಂತಾಗ ಅವನ ತಾಯಿ ಚಿಕ್ಕಬೀರಮ್ಮ ಗಾಜಿನ ಕಿಟಕಿಗೆ ಮೂಗು ಒತ್ತಿ ಒಳಗಿನ ಥರ್ಮಾಮೀಟರು ನೋಡುತ್ತಿದ್ದಳು. "ನೂರಾ ಅದಿಮೂರು ಕಣವ್ವಾ!" ಎಂದು ಕೂಗಿದಳು. ರಾಧಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು.

"ಪೆಟ್ಟಿಗೆ ನೀವೇ ಹೊತ್ಕೊಂಡು ಹೋದ್ರಿ. ಫೋನ್ ಮಾಡಿದ್ರೆ ಆಫು," ಎಂದಳು ಗಂಡನಿಗೆ. "ಪೆಟ್ಟಿಗೆ ಬರೋಕೆ ಮುಂಚೆ ಪರೀಕ್ಷೆಗೆ ಅಂತ ಒಂದು ಪ್ರೋಗ್ರಾಂ ಬರ್ದಿದ್ರಲ್ಲ, ನಿಮ್ಮ ಪ್ರಶ್ನೆ ಇಲ್ಲಿ ಬರುತ್ತೆ, ನಾವು ಟೈಪ್ ಮಾಡಿದ್ದೇ ಉತ್ತರ ಆಗಿ ಹೋಗುತ್ತೆ ಅಂತ? ಅದನ್ನೇ ಹಾಕ್ದೆ. ನಿಮ್ಮ ಮಾನ ಹೋಗಬಾರದಲ್ಲ!"

ಅಂಕಯ್ಯನವರ ಹುಬ್ಬು ಗಂಟಿಕ್ಕಿತು. "ಅದೆಲ್ಲ ಇರ್ಲಿ ಬುಡವ್ವ. ಅಷ್ಟು ಸಲ ಕಿಂಡಿ ತೆಗ್ದು ಮುಚ್ಚಿದ್ರೆ ಸೊಪ್ಪು ಕೆಟ್ಟೋಗಿರ್ಬೇಕಲ್ಲ?"

"ನಾನ್ಯಾಕೆ ತೆಗೀಲಿ ಸಾರ್? ಬರೀ ಟೈಪ್ ಮಾಡ್ದೆ. ಹಗ್ಗ ಮುಟ್ಟೇ ಇಲ್ಲ. ಹುಡುಗರ ಆಟಕ್ಕೆ ನಮ್ಮ ಸೊಪ್ಪು ಹಾಳು ಮಾಡ್ಕೊಳ್ಳೋಕಾಗುತ್ತಾ?"

ಅಂಕಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಕಣ್ರೀ ತಲೆ ಅಂದ್ರೆ! ಏನವ್ವ ಓದಿರೋದು?"

"ಇವ್ನು ಓದಿದ್ದೇ ಸ್ವಾಮಿ," ಎಂದಳು ಚಿಕ್ಕಬೀರಮ್ಮ ಉತ್ಸಾಹದಿಂದ. "ಅನ್ನೊಂದು ಮಾರ್ಕ್ಸು ಜಾಸ್ತಿ!"

ಅಂಕಯ್ಯನವರು ಪೆನ್ನು ತೆಗೆದರು. ಖಾಲಿ ಜಾಗದಲ್ಲಿ ರಾಧಾಳ ಹೆಸರು ಕೂತಿತು. ಕಾಯಂ ಮೇಡಂ ಬಂದ ಮೇಲೆ ಕಾಲೇಜಿನಲ್ಲಿ ಅತಿಥಿಗೇನು ಕೆಲಸ?

ಸೋಮವಾರ ರಾಧಾ ಏಳೂವರೆ ಬಸ್ಸು ಹತ್ತಿದಳು. ಕನಕರಾಜು ಲ್ಯಾಪ್‌ಟಾಪಿನ ಮುಂದೆ ಕೂತ. ಹತ್ತು ಗಂಟೆಗೆ ಪಿರಿಯಾಪಟ್ಟಣದಿಂದ ಮೊದಲ ಕರೆ ಬಂತು: 'ಕಿಂಡಿ ತೆಗೆ.'

ಕನಕರಾಜು ಕೂತಲ್ಲೇ 'ತೆರೆದಾಯ್ತು' ಎಂದು ಟೈಪ್ ಮಾಡಿ ಕಾಫಿ ಲೋಟಕ್ಕೆ ಕೈ ಹಾಕಿದ.

ಲೋಟ ಖಾಲಿಯಾಗುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು: 'ಇದು ಆಟ ಅಲ್ಲ, ಸೊಪ್ಪಿಗೆ ಬೇಕು. ಉಷ್ಣ ಅಳೆಯೋಕೆ ಮಾತ್ರ ಪೆಟ್ಟಿಗೆ ಬೆಳಿಗ್ಗೆಯೇ ಸಿಕ್ಕಿಸಿ ಬಂದಿದ್ದೀನಿ, ಹಗ್ಗ ಅದಕ್ಕೆ ಕಟ್ಟಿಲ್ಲ. ಒಂದು ಡಿಗ್ರಿಯೂ ಇಳಿದಿಲ್ಲ. ಎದ್ದು ಹಗ್ಗ ಎಳೀರಿ.'