ಮುಷ್ಕರದ ದಿನ ಮಾರಿದ ಬೈಕು

ಕೆಲವರಿಗೆ ಗೋಡೆಯ ಮೇಲಿನ ಫೋಟೊ ಸ್ವಲ್ಪ ವಾಲಿದ್ದರೂ ಎದ್ದು ನೆಟ್ಟಗೆ ಮಾಡದೆ ಕೂರಲಾಗುವುದಿಲ್ಲ. ನನ್ನ ಚಾಳಿ ಅದಕ್ಕಿಂತ ಕೆಟ್ಟದ್ದು. ಯಾರಾದರೂ ಒಂದು ಬೈಕನ್ನು ಎರಡನೇ ಸಲ ತಿರುಗಿ ನೋಡಿದರೆ ಸಾಕು, ನನ್ನ ಬಾಯಿ ನನ್ನನ್ನು ಕೇಳದೆಯೇ ಅದರ ಗುಣಗಾನ ಶುರು ಮಾಡುತ್ತದೆ. ಕುಂದಾಪುರದ ಒಂದು ಶೋರೂಮಿನಲ್ಲಿ ಹನ್ನೊಂದು ವರ್ಷ ಬೈಕು ಮಾರಿದ ಫಲ ಇದು. ಒಮ್ಮೆ ಕುಂಭಾಶಿಯಲ್ಲಿ ಹೆಂಡತಿಯ ಸೋದರಮಾವನ ಹನ್ನೆರಡನೇ ದಿನದ ಊಟಕ್ಕೆ ಹೋಗಿದ್ದೆವು. ತಲೆ ಬೋಳಿಸಿಕೊಂಡ ಮಗ ಪಾಪ, ಪಾಯಸ ಬಡಿಸಲು ನನ್ನ ಎಲೆಯ ಮುಂದೆ ಬಗ್ಗಿದ. ಎರಡು ಸಮಾಧಾನದ ಮಾತು ಹೇಳೋಣವೆಂದು ಬಾಯಿ ತೆರೆದರೆ, "ಈಗ ಹೆಲ್ಮೆಟ್ ಲಾಯ್ಕ್ ಕೂಕಂತ್ ಕಾಣ್" ಎಂದುಬಿಟ್ಟೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವನು ಮಾತ್ರ ಮುಂದಿನ ತಿಂಗಳು ಬಂದು ಗಾಡಿ ತೆಗೆದುಕೊಂಡು ಹೋದ.

ಇಂಥ ನಾನು ಕಾರ್ಮಿಕ ಸಂಘದ ಅಧ್ಯಕ್ಷನಾದೆ ಎಂದರೆ ನೀವು ನಗಬಾರದು. ಆಗ ಪೆಟ್ರೋಲಿನ ದರ ಬಾಣಂತಿಯ ಜ್ವರದ ಹಾಗೆ ಏರುತ್ತಲೇ ಇತ್ತು. ಊರಿಗೆಲ್ಲ ಮೈಲೇಜ್ ಬೋಧಿಸುವ ನಾವು ಒಂಬತ್ತು ಜನ ಒಂದೊಂದು ಗಾಡಿಯಲ್ಲಿ ಮೂವರಂತೆ ಕೆಲಸಕ್ಕೆ ಬರುತ್ತಿದ್ದೆವು. ಹಟ್ಟಿಯಂಗಡಿಯಿಂದ ಬರುವ ನಮ್ಮ ಹೆಡ್ ಮೆಕ್ಯಾನಿಕ್ ಸುಧಾಕರಣ್ಣ ಇಳಿಜಾರಿನಲ್ಲೆಲ್ಲ ಎಂಜಿನ್ ಬಂದ್ ಮಾಡಿ, ಶೋರೂಮಿನ ಮುಂದೆ ಸದ್ದಿಲ್ಲದೆ ಭೂತದ ಹಾಗೆ ಪ್ರತ್ಯಕ್ಷನಾಗುತ್ತಿದ್ದ. ಕೊನೆಗೆ ಅವನೇ ಸಂಘ ಕಟ್ಟಿದ. ಬೇಡಿಕೆ ಒಂದೇ: ಎಲ್ಲರಿಗೂ ಪೆಟ್ರೋಲ್ ಭತ್ಯೆ. ಸಭೆಯ ಹೊತ್ತಿಗೆ ನಾನು ಯಾರಿಗೋ ಗಾಡಿ ಕೊಡಲು ಬ್ರಹ್ಮಾವರಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಸುಧಾಕರಣ್ಣ ಬಾಗಿಲಲ್ಲೇ ನಿಂತಿದ್ದ. "ಹ್ವಾಯ್, ನೀವೇ ಅಧ್ಯಕ್ಷರ್ ಅಕಾ. ನಮ್ಮೊಳ್ಗೆ ಬಾಯಿ ಇಪ್ಪುದ್ ನಿಮ್ಗ್ ಮಾತ್ರ."

ನಮ್ಮ ಧಣಿಗಳು ಕೆಟ್ಟವರಲ್ಲ. ಆಯುಧಪೂಜೆಗೆ ಎಲ್ಲರಿಗೂ ಬಟ್ಟೆ ಕೊಡುತ್ತಾರೆ, ಮನೆಯಲ್ಲಿ ಕಾಯಿಲೆಯೆಂದರೆ ತಾವೇ ಕಾರು ತರುತ್ತಾರೆ. ನಾನು ಎದುರು ನಿಂತು ಬೇಡಿಕೆ ಓದಿದಾಗ ಮಾತ್ರ ಕನ್ನಡಕ ತೆಗೆದು, "ಅಲ್ಲ ಮಾರಾಯ್ರೆ, ಪೆಟ್ರೋಲ್ ರೇಟ್ ಏರ್ಸದ್ದ್ ನಾನಾ? ದಿಲ್ಲಿಗ್ ಹೋಯಿ ಕೇಣಿ" ಎಂದರು. ಒಂಬತ್ತು ಜನ ದಿಲ್ಲಿಗೆ ಹೋಗುವ ಖರ್ಚಿಗಿಂತ ಶೋರೂಮಿನ ಎದುರಿನ ಬೆಂಚಿನಲ್ಲಿ ಕೂರುವುದು ಅಗ್ಗವೆಂದು ಸೋಮವಾರದಿಂದ ಮುಷ್ಕರ ಸಾರಿದೆವು. ಯಾರೂ ಹೊಸಿಲು ದಾಟಬಾರದು, ಸ್ಪ್ಯಾನರ್ ಮುಟ್ಟಬಾರದು ಎಂದು ಅಧ್ಯಕ್ಷನಾಗಿ ನಾನೇ ಅಪ್ಪಣೆ ಕೊಟ್ಟೆ.

ಸೋಮವಾರ ಸುಧಾಕರಣ್ಣ "ಬೇಕೇ ಬೇಕು" ಎಂದ. ನಾವೆಲ್ಲ "ಪೆಟ್ರೋಲ್ ಬೇಕು" ಎಂದೆವು. ಕೂಗಿನ ಅಭ್ಯಾಸ ಇಲ್ಲದ್ದರಿಂದ ಮೊದಮೊದಲು ಭಜನೆಯ ಹಾಗೆ ಕೇಳುತ್ತಿತ್ತು. ಆಮೇಲೆ ಸ್ವರ ಕೂಡಿತು. ಅದು ಎಷ್ಟು ಚೆನ್ನಾಗಿ ಕೂಡಿತೆಂದರೆ ದಾರಿಯಲ್ಲಿ ಹೋಗುವವರು ಊರಿನಲ್ಲಿ ಪೆಟ್ರೋಲೇ ಮುಗಿದಿದೆಯೆಂದು ತಿಳಿದು ಗಾಡಿ ತಿರುಗಿಸಿ ಬಂಕಿಗೆ ಓಡಿದರು. ಅರ್ಧ ಗಂಟೆಯಲ್ಲಿ ಅಲ್ಲಿ ಉದ್ದದ ಸಾಲು. ಅಷ್ಟು ದೊಡ್ಡ ಪರಿಣಾಮವನ್ನು ನಾವೂ ನಿರೀಕ್ಷಿಸಿರಲಿಲ್ಲ.

ಹನ್ನೊಂದು ಗಂಟೆಗೆ ಬೈಂದೂರಿನ ಬಸ್ಸಿನಿಂದ ಗಂಡ ಹೆಂಡತಿ ಇಳಿದರು. ಗಂಡ ಮೀನು ವ್ಯಾಪಾರದವರು. ಕಂಕುಳಲ್ಲಿ ಚೀಲ ಅವಚಿಕೊಂಡಿದ್ದ ರೀತಿಯಲ್ಲೇ ಅದರಲ್ಲಿ ಗಾಡಿಯ ಹಣ ಇದೆಯೆಂದು ನನಗೆ ತಿಳಿಯಿತು.

"ಎಂತ, ಇವತ್ತ್ ರಜೆಯಾ?" ಎಂದರು.

"ಮುಷ್ಕರ, ಪೆಟ್ರೋಲಿಗೆ" ಎಂದೆ. ನನ್ನ ಬಾಯನ್ನು ಅಷ್ಟಕ್ಕೇ ಕಟ್ಟಿಹಾಕಿದ್ದು ನನ್ನ ಜೀವನದ ಸಾಧನೆ.

"ನಮ್ದೂ ಅದೇ ತಾಪತ್ರಯ. ಹಳೆ ಗಾಡಿ ಸಮಾ ಪೆಟ್ರೋಲ್ ಕುಡಿತ್ತ್." ಅವರು ಹೆಂಡತಿಯ ಕಡೆ ತಿರುಗಿದರು. "ಅಡ್ಡಿಲ್ಲೆ. ಆಚೆ ಕಂಪ್ನಿ ಅಂಗ್ಡಿಗ್ ಹೋಪ, ಬಾ."

ಆಚೆ ಕಂಪನಿ! ಹನ್ನೊಂದು ವರ್ಷದಿಂದ ನಾನು ಹಗಲಿರುಳು ಸೋಲಿಸುತ್ತ ಬಂದ ಆಚೆ ಕಂಪನಿ! "ಹ್ವಾಯ್, ನಿಲ್ಲಿ. ಅದ್ ಲೀಟರಿಗ್ ಎಷ್ಟ್ ಕೊಡ್ತ್ ಅಂದೇಳಿ ಕೇಂಡಿದ್ರಿಯಾ?" ಎಂದು ಶುರುಮಾಡಿದವನು, ಬೆಂಚಿನಿಂದ ಏಳದೆಯೇ, ಹಿಂದೆ ಘೋಷಣೆ ನಡೆಯುತ್ತಿದ್ದಂತೆಯೇ, ಗಾಜಿನಾಚೆಯ ನೀಲಿ ಬೈಕನ್ನು ಟೈರಿನಿಂದ ಕನ್ನಡಿಯವರೆಗೆ ವರ್ಣಿಸಿಬಿಟ್ಟೆ. ಅವರಿಗೆ ಮೆಚ್ಚುಗೆಯಾಯಿತು. ಎಂಜಿನ್ ಸದ್ದು ಕೇಳಬೇಕೆಂದರು. ಹೊಸಿಲು ದಾಟುವಂತಿಲ್ಲವಲ್ಲ, "ಒಳಗ್ ಹೋಯಿ ಧಣಿಗಳತ್ರ ಕೇಣಿ" ಎಂದು ಕಳಿಸಿದೆ.

ಒಳಗೆ ಧಣಿಗಳು ಒಬ್ಬರೇ ಪೇಪರ್ ಓದುತ್ತಿದ್ದರು. ಸಾವಿರಾರು ಬೈಕು ಮಾರಿಸಿದ ಅವರು ಒಂದಕ್ಕೂ ಕಿಕ್ ಹೊಡೆದವರಲ್ಲ. ಪಂಚೆ ಎತ್ತಿ ಕಟ್ಟಿ ಒದ್ದರು, ಒದ್ದರು, ಬೆವರಿದರು. ಹೊಸ ಗಾಡಿ, ಟ್ಯಾಂಕಿಯಲ್ಲಿ ಒಂದು ಹನಿಯೂ ಇಲ್ಲ. ಅದು ಹೊಳೆದದ್ದೇ ಬಾಗಿಲಿಗೆ ಬಂದು ಕೈ ಎತ್ತಿ, "ಹ್ವಾಯ್, ಪೆಟ್ರೋಲ್ ಬೇಕ್!" ಎಂದು ಕೂಗಿದರು.

"ಬೇಕೇ ಬೇಕು!" ಎಂದರು ನಮ್ಮವರು, ಒಂದೇ ಗಂಟಲಿನಲ್ಲಿ.

ಧಣಿಗಳು ಬೇರೆ ದಾರಿ ಕಾಣದೆ ಮತ್ತೆ ಹೋಗಿ ಒದೆಯತೊಡಗಿದಾಗ ಸುಧಾಕರಣ್ಣನಿಗೆ ತಡೆಯಲಿಲ್ಲ. ತಾನು ಕೈಯಾರೆ ಜೋಡಿಸಿದ ಗಾಡಿಗೆ ಯಾರೋ ಹಾಗೆ ಒದೆಯುವುದನ್ನು ಅವನು ಎಷ್ಟು ಹೊತ್ತು ನೋಡಿಯಾನು? "ಅಯ್ಯೋ, ಕಿಕ್ಕರ್ ಮುರಿತ್ತ್ ಧಣಿಗಳೆ!" ಎಂದು ಒಳಗೆ ನುಗ್ಗಿದ. ಪೆಟ್ರೋಲ್ ಬಾಟಲಿ ಹಿಡಿದು ಒಬ್ಬ, ಒರೆಸುವ ಬಟ್ಟೆ ಹಿಡಿದು ಇನ್ನೊಬ್ಬ, ಹೂವಿನ ಮಾಲೆ ತರಲು ಮತ್ತೊಬ್ಬ, ಸುಮ್ಮನೆ ನೋಡಲು ಉಳಿದವರು ಎದ್ದರು. ಬೆಂಚಿನಲ್ಲಿ ನಾನೊಬ್ಬನೇ ಉಳಿದೆ. ಅಧ್ಯಕ್ಷನಾಗಿ ಇವರನ್ನೆಲ್ಲ ಹೊರಗೆ ಕರೆತರುವುದು ನನ್ನ ಕರ್ತವ್ಯವೆಂದು ಒಳಗೆ ಹೋದೆ. ಹೋದವನು ಕೂತು ಫಾರಂ ತುಂಬಿಸಿದೆ.

ಚಕ್ರದಡಿ ನಿಂಬೆಹಣ್ಣು ಚಪ್ಪಟೆಯಾಯಿತು. ಬೈಂದೂರಿನವರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, "ಬತ್ತೆ ಹಂಗಾರೆ. ನಿಮ್ಮ ಮುಷ್ಕರ ಲಾಯ್ಕ್ ನಡಿಲಿ" ಎಂದು ಹರಸಿ ಹೊರಟರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟುವ ಕೈ ಅರ್ಧದಲ್ಲೇ ನಿಂತಿತು. ನಾವು ಒಂಬತ್ತು ಜನವೂ ಹೊಸಿಲಿನ ಒಳಗಿದ್ದೆವು. ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹೊರಗೆ ಬಂದು ಬೆಂಚಿನಲ್ಲಿ ಕೂತೆವು. ಸುಧಾಕರಣ್ಣ ಸಣ್ಣ ಸ್ವರದಲ್ಲಿ "ಬೇಕೇ ಬೇಕು" ಎನ್ನಹೋದ, ಅರ್ಧಕ್ಕೇ ಬುಸಕ್ಕನೆ ನಗು ಬಂತು. ಎಲ್ಲರೂ ಹೊಟ್ಟೆ ಹಿಡಿದುಕೊಂಡೆವು. ಬಾಗಿಲಲ್ಲಿ ಧಣಿಗಳು ಕಣ್ಣೊರೆಸಿಕೊಂಡು ನಗುತ್ತಿದ್ದರು. "ಸಾಕ್ ಏಳಿ. ಪೆಟ್ರೋಲ್ ಕೊಡ್ತೆ. ಇನ್ನೊಂದ್ ಗಿರಾಕಿ ಬಂದ್ರೆ ನನ್ನ ಕಾಲ್ ಉಳಿತಿಲ್ಲೆ" ಎಂದರು. ಊಟದ ಹೊತ್ತಿಗೆ ಮುಷ್ಕರ ಗೆದ್ದಿತ್ತು.

ತಿಂಗಳ ಕೊನೆಗೆ ಆ ನೀಲಿ ಬೈಕಿನ ಕಮಿಷನ್ ಕೇಳಲು ಹೋದೆ. "ಅವತ್ತ್ ನೀವ್ ಕೆಲಸದಗೆ ಇರ್ಲಿಲ್ಲ ಅಲ್ದಾ? ಮುಷ್ಕರದಗೆ ಇದ್ದವ್ರಿಗ್ ಕಮಿಷನ್ ಹೆಂಗ್ ಕೊಡುದ್?" ಎಂದರು ಧಣಿಗಳು. ಅದೇ ಸಂಜೆ ಸಂಘದವರು ಸಭೆ ಸೇರಿ, ಮುಷ್ಕರದ ದಿನ ಗಾಡಿ ಮಾರಿದವರು ಅಧ್ಯಕ್ಷರಾಗಿ ಇರಕೂಡದೆಂದು ಸುಧಾಕರಣ್ಣನನ್ನು ಆರಿಸಿದರು. ಮೊದಲು ಒಳಗೆ ನುಗ್ಗಿದ್ದು ಅವನೇ ಎಂದರೆ, "ನಾನ್ ಹೋದ್ದ್ ಗಾಡಿ ಉಳ್ಸುಕೆ, ನೀವ್ ಹೋದ್ದ್ ಮಾರುಕೆ" ಎಂದ.

ಮನೆಗೆ ಬಂದು ಹೆಂಡತಿ ಗಿರಿಜೆಯ ಮುಂದೆ ಅಲವತ್ತುಕೊಂಡೆ. ಅವಳು ಗಂಜಿ ಬಸಿಯುತ್ತ ಎಲ್ಲವನ್ನೂ ಕೇಳಿ, "ಕೆಲಸದಗೂ ಇಲ್ಲೆ, ಮುಷ್ಕರದಗೂ ಇಲ್ಲೆ. ಹಂಗಾರೆ ಅವತ್ತ್ ನೀವ್ ಇದ್ದದ್ದೆಲ್ಲಿ?" ಎಂದಳು. ಎಲ್ಲಿದ್ದೆನೋ ನನಗೂ ಗೊತ್ತಿಲ್ಲ. ಅಷ್ಟು ಖುಷಿಯಾಗಿ ಮಾತ್ರ ನಾನು ಬೇರೆಲ್ಲೂ ಇದ್ದದ್ದಿಲ್ಲ.