ಹಲಸಿನ ಹಣ್ಣು ಹಿಡಿದು ಏಳುವ ಅಭ್ಯಾಸ

ಮೊಣಕಾಲೂರಲು ನನಗೆ ಬರುತ್ತದೆ, ಏಳಲು ಬರುವುದಿಲ್ಲ. ಐವತ್ತು ದಾಟಿದ ಕ್ರೈಸ್ತನಿಗೆ ಇದಕ್ಕಿಂತ ದೊಡ್ಡ ಕಷ್ಟ ಇರಲಿಕ್ಕಿಲ್ಲ. ಬೇರೆಯವರ ಪ್ರಾಯ ಕೂದಲಲ್ಲೋ ಕನ್ನಡಕದಲ್ಲೋ ತಿಳಿಯುತ್ತದೆ. ನಮ್ಮದು ಭಾನುವಾರದ ಪೂಜೆಯಲ್ಲಿ ಊರಿಗೆಲ್ಲ ತಿಳಿಯುತ್ತದೆ. ಮೊನ್ನೆ ಇಗರ್ಜಿಯಲ್ಲಿ ಎಲ್ಲರೂ ಎದ್ದಾಗ ನಾನೂ ಏಳಲು ಹೋಗಿ, ಹಿಡಿಯಲು ಬೇರೇನೂ ಸಿಗದೆ ಮುಂದಿನ ಬೆಂಚಿನವರ ಭುಜವನ್ನೇ ಹಿಡಿದೆ. ಅವರು ಬೆಚ್ಚಿ ತಿರುಗಿ, ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತು ಬಂದೇಬಿಟ್ಟಿತೆಂದು ನನಗೆ ಕೈಮುಗಿದರು. ಅವರನ್ನು ನೋಡಿ ಪಕ್ಕದವರೂ ಕೈಮುಗಿದರು. ಆ ಅಕಾಲದ ಶಾಂತಿ ಇಡೀ ಸಾಲು ದಾಟುವವರೆಗೆ ನಾನು ತಲೆ ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ಕೊನೆಯ ಸಾಲಿಗೆ ಹೋಗಿ ಗೋಡೆಯ ಆಶ್ರಯ ಪಡೆಯುತ್ತಿದ್ದೆ. ಆದರೆ ಮೇ ತಿಂಗಳು ಬಂತು. ಶಿರ್ವದ ನಮ್ಮ ವಾಡೆಯಲ್ಲಿ, ಅಂದರೆ ಇಗರ್ಜಿಯ ಲೆಕ್ಕದಲ್ಲಿ ಒಂದಾಗಿರುವ ನೆರೆಹೊರೆಯ ಮನೆಗಳಲ್ಲಿ, ಈ ತಿಂಗಳು ಮರಿಯಮ್ಮನವರ ಮೂರ್ತಿ ದಿನಕ್ಕೊಂದು ಮನೆಗೆ ಹೋಗುತ್ತದೆ. ಮನೆಯ ಗಂಡಸು ಹೊಸ್ತಿಲಲ್ಲಿ ಮೊಣಕಾಲೂರಿ ಮೂರ್ತಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ತೆಗೆದುಕೊಳ್ಳಬೇಕು, ಎದ್ದು ಒಳಗೆ ಹೋಗಿ ದೇವರ ಪೀಠವಾದ ಅಲ್ತಾರಿನ ಮೇಲೆ ಇಡಬೇಕು. ಅಪ್ಪ ಇದನ್ನು ಒಂದೇ ಉಸಿರಿಗೆ ಮಾಡುತ್ತಿದ್ದರು. ಅವರ ನಂತರ ಕುವೈಟಿನಿಂದ ರಜೆಗೆ ಬರುತ್ತಿದ್ದ ಅಣ್ಣ ಮಾಡುತ್ತಿದ್ದ. ಈ ಸಲ ಅಣ್ಣನಿಗೆ ರಜೆ ಸಿಗಲಿಲ್ಲ. ಎರಡು ವರ್ಷದ ಮಗುವಿನಷ್ಟು ಎತ್ತರದ ಹಳೆಯ ಮೂರ್ತಿ, ಮೇಲೆ ಕಿರೀಟ, ಹಿಂದೆ ಹಾಡುತ್ತಾ ನಿಂತ ಇಡೀ ವಾಡೆ. ಕಾರ್ಕಳದ ಮದುವೆಗೆ ಹೊರಟು, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬೆಳ್ಮಣ್‌ನಲ್ಲಿ ಬಸ್ಸಿಳಿದು ಮನೆಗೆ ಮರಳಿದ ಮನುಷ್ಯ ನಾನು. ನನ್ನ ಕೈಯಿಂದ ಆ ಮೂರ್ತಿ ಜಾರುವುದನ್ನು ಎಷ್ಟು ರಾತ್ರಿ ಎಷ್ಟು ಬಗೆಯಲ್ಲಿ ನೋಡಿದೆನೋ ಹೇಳಲಾರೆ.

ಮಣಿಪಾಲದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸುಧಾಕರನಿಗೆ ಹೇಳಿಕೊಂಡೆ. ಕಾರ್ಕಳದವನು; ಅವನ ಫೋನಿನಲ್ಲಿ ಇಲ್ಲದ ಪರಿಹಾರವಿಲ್ಲ. "ಅದಕ್ಕೆ ಎಂತ ಮಾರಾಯ ಇಷ್ಟು ತಲೆಬಿಸಿ? ಒಂದು ವಾರದ ಚಾಲೆಂಜ್ ಉಂಟು. ಮೊಬಿಲಿಟಿ ಮತ್ತೆ ಪಿಲಾಟೆಸ್ ಅಂತ ವ್ಯಾಯಾಮ. ವಿಡಿಯೋದಲ್ಲಿ ಆ ಹುಡುಗಿ ಮಾಡಿದ ಹಾಗೆ ಮಾಡಿದರೆ ಆಯ್ತು. ಸೊಂಟ ಬೆಣ್ಣೆ ಆಗ್ತದೆ."

"ನೀನು ಮಾಡಿದ್ದೀಯಾ?"

"ನಾನು ನೋಡಿದ್ದೇನೆ."

ಮರುದಿನ ಬೆಳಿಗ್ಗೆ ಟಿವಿಯಲ್ಲಿ ವಿಡಿಯೋ ಹಾಕಿ ಚಾಪೆ ಬಿಡಿಸಿದೆ. ಹುಡುಗಿ ಯಾವುದೋ ಕಡಲ ದಂಡೆಯಲ್ಲಿದ್ದಳು. ನಾವು ಕಾಪುವಿನ ದಂಡೆಗೆ ಹೋಗುವುದು ಚರುಮುರಿ ತಿನ್ನಲು. ಅಲ್ಲಿ ಹೀಗೂ ಮಾಡಬಹುದೆಂದು ತಿಳಿದಿರಲಿಲ್ಲ. "ಹೊಕ್ಕುಳನ್ನು ಬೆನ್ನೆಲುಬಿನ ಕಡೆಗೆ ಎಳೆದುಕೊಳ್ಳಿ" ಎಂದಳು ನಗುತ್ತಾ. ಅವಳಲ್ಲಿ ಅವೆರಡು ಪಕ್ಕದ ಮನೆಗಳು. ನನ್ನಲ್ಲಿ ನಡುವೆ ಮೂರು ಗದ್ದೆ, ಒಂದು ತೋಡು. ಆಮೇಲೆ ಮಗ್ಗುಲಾಗಿ ಮಲಗಿ, ಪಾದ ಜೋಡಿಸಿ, ಮೇಲಿನ ಮೊಣಕಾಲನ್ನು ಚಿಪ್ಪಿನಂತೆ ತೆರೆಯಬೇಕೆಂದಳು. ಚಿಪ್ಪಿನ ವಿಷಯ ನನಗೆ ಹೊಸತಲ್ಲ. ಚಿಪ್ಪುಮೀನಾದ ಮರುವಾಯಿಯ ಸುಕ್ಕ ತಿಂದು ಬೆಳೆದವನು. ಬೇಯಿಸಿದಾಗ ಎಲ್ಲ ಮರುವಾಯಿ ಬಾಯಿ ಬಿಡುತ್ತವೆ, ಒಂದೆರಡು ಮಾತ್ರ ಏನು ಮಾಡಿದರೂ ಬಿಡುವುದಿಲ್ಲ. ಅವನ್ನು ಹೆಂಗಸರು ಹೆಕ್ಕಿ ಎಸೆಯುತ್ತಾರೆ. ನನ್ನ ಸೊಂಟ ಆ ಜಾತಿಯದ್ದು.

ಮಾಯ್, ಅಂದರೆ ನನ್ನ ತಾಯಿ, ಕುರ್ಚಿಯಲ್ಲಿ ಜಪಮಣಿ ಹಿಡಿದು ಕುಳಿತಿದ್ದರು. ಎಂಬತ್ತು ದಾಟಿದರೂ ಸಂಜೆಯ ತೇರ್ಸಿಗೆ, ಅಂದರೆ ಮನೆಯ ಜಪಸರಕ್ಕೆ, ಮೊಣಕಾಲೂರಿದರೆ ಕೊನೆಯ ಆಮೆನ್‌ವರೆಗೆ ಕದಲುವವರಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಪುತಾ, ಆ ಹುಡುಗಿಗೆ ಮನೆಯಲ್ಲಿ ಕೆಲಸ ಎಂತ ಇಲ್ವಾ?"

"ಇದೇ ಅವಳ ಕೆಲಸ ಮಾಯ್."

"ಹಾಗಾದರೆ ಅವಳು ನಗಲಿ. ನಿನ್ನ ಮುಖ ಯಾಕೆ ಹಾಗೆ?"

ಮೂರ್ತಿ ಬರುವ ದಿನ ಹತ್ತಿರವಾದಂತೆ ಬರಿಗೈಯ ಅಭ್ಯಾಸ ಸಾಲದೆನ್ನಿಸಿತು. ಕೊಟ್ಟಿಗೆಯಲ್ಲಿದ್ದ ಹಲಸಿನ ಹಣ್ಣೊಂದನ್ನು ತಂದೆ. ತೂಕ ಹೆಚ್ಚುಕಡಿಮೆ ಮೂರ್ತಿಯದ್ದೇ. ಬಾಗಿಲು ಹಾಕಿ, ಹಣ್ಣನ್ನು ಎದೆಗಪ್ಪಿ ಮೊಣಕಾಲೂರಿದೆ. ಹುಡುಗಿ ಹೇಳಿದಂತೆ ಬಲಗಾಲು ಮುಂದಿಟ್ಟು ಉಸಿರು ಬಿಡುತ್ತಾ ಎದ್ದೆ. ಅರ್ಧ ಎದ್ದೆ. ಎಡತೊಡೆ ನಡುಗಿತು, ಮುಳ್ಳು ಗಲ್ಲಕ್ಕೆ ಚುಚ್ಚಿತು, ಹಣ್ಣು ಕೈತಪ್ಪಿ ಬಿದ್ದು ಒಡೆಯಿತು. ಹೆಂಡತಿ ಜೆಸಿಂತಾ ಬಾಗಿಲು ತೆರೆದು ನಿಂತಳು. ಬೈಯಲಿಲ್ಲ. ನೆಲದಲ್ಲಿ ಕೂತು ತೊಳೆ ಬಿಡಿಸತೊಡಗಿ ಮೆಲ್ಲಗೆ ಹೇಳಿದಳು: "ಇದು ಒಡೆದರೆ ತಿನ್ನಬಹುದು. ಮೂರ್ತಿ ಒಡೆದರೆ ಎಂತ ಮಾಡುವುದು? ಗುರ್ಕಾರರಿಗೆ ಈಗಲೇ ಹೇಳಿ, ನಿಮ್ಮಿಂದ ಆಗುವುದಿಲ್ಲ ಅಂತ."

ಗುರ್ಕಾರರೆಂದರೆ ವಾಡೆಯ ಮುಖಂಡ ಲಿಗೋರಿ. ಅವರ ಮನೆಯ ಗೇಟಿನವರೆಗೆ ಹೋದೆ. ನಾಯಿ ಬೊಗಳಿತು. ಅದನ್ನೇ ದೇವರ ಸೂಚನೆಯೆಂದು ತಿಳಿದು ಹಿಂತಿರುಗಿದೆ.

ಆ ಸಂಜೆ ಬಂತು. ರಸ್ತೆಯ ತಿರುವಿನಲ್ಲಿ ಹಾಡು ಕೇಳಿದಾಗಲೇ ನನ್ನ ಅಂಗೈ ಬೆವರಿತು. ಬೆವರಿದರೆ ಜಾರುತ್ತದೆ; ಅದನ್ನು ಯೋಚಿಸಿ ಇನ್ನಷ್ಟು ಬೆವರಿತು. ಜನ ಅಂಗಳ ತುಂಬಿದರು. ಹೊಸ್ತಿಲಲ್ಲಿ ಮೊಣಕಾಲೂರಿದೆ, ಅದು ಸುಲಭ. ಗುರ್ಕಾರರು ಮೂರ್ತಿಯನ್ನು ನನ್ನ ಕೈಗಿಟ್ಟರು. ಕಿರೀಟ ಗಲ್ಲಕ್ಕೆ ತಾಗಿತು. ಬಲಗಾಲು ಮುಂದಕ್ಕೆ. ಪಾದ ನೆಲಕ್ಕೆ. ಹೊಕ್ಕುಳು ಒಳಕ್ಕೆ. ಅಲ್ಲಿಗೆ ಎಲ್ಲವೂ ನಿಂತಿತು. ಎಡತೊಡೆಯ ಸ್ನಾಯು ಹಗ್ಗದಂತೆ ಹಿಡಿದುಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ನೋವಿಗೆ ಕಣ್ಣು ಮುಚ್ಚಿದೆ. ಹನಿ ಎರಡು ಇಳಿದವು.

ಹಾಡು ಮುಗಿಯಿತು. ನಾನು ಏಳಲಿಲ್ಲ. ಗುರ್ಕಾರರು ಸ್ವಲ್ಪ ಕಾದು ಇನ್ನೊಂದು ಚರಣ ಎತ್ತಿದರು. ಅದೂ ಮುಗಿಯಿತು. "ಎಂತಹ ಭಕ್ತಿ!" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಅಂಗಳದಲ್ಲಿ ಸೀರೆಯ ಸರಬರ. ಒಬ್ಬರು ಮೊಣಕಾಲೂರಿದರು, ಅವರ ಪಕ್ಕದವರು ಊರಿದರು, ಕೊನೆಗೆ ಅಣ್ಣ ಕಳಿಸಿದ ಹಣದಲ್ಲಿ ಹಾಕಿಸಿದ ಇಂಟರ್‌ಲಾಕ್ ಕಲ್ಲುಗಳ ಮೇಲೆ ಇಡೀ ವಾಡೆ ಮೊಣಕಾಲೂರಿತು. ನನ್ನ ತೋಳು ಸಡಿಲವಾಗುತ್ತಿತ್ತು. ಮೂರ್ತಿ ಒಂದು ಬೆರಳಿನಷ್ಟು ಕೆಳಗಿಳಿಯಿತು.

ಆಗ ತಲೆಯ ಮೇಲೊಂದು ಕೈ ಬಂತು. ಮಾಯ್. ಜನ ಅದನ್ನು ತಾಯಿಯ ಆಶೀರ್ವಾದ ಎಂದುಕೊಂಡರು. ಅವರ ಇನ್ನೊಂದು ಕೈ ನನ್ನ ಕಂಕುಳಿಗೆ ಹೋದದ್ದು ಯಾರಿಗೂ ಕಾಣಲಿಲ್ಲ. ಕಿವಿಯಲ್ಲಿ ಹೇಳಿದರು: "ಉಸಿರು ಬಿಡು ಪುತಾ. ಆ ಹುಡುಗಿ ದಿನಾ ಹೇಳ್ತಾಳೆ, ನೀನು ದಿನಾ ಮರೀತಿ."

ಉಸಿರು ಬಿಟ್ಟೆ. ಬಾವಿಯಿಂದ ಕೊಡಪಾನ ಎತ್ತಿದಂತೆ ಮಾಯ್ ನನ್ನನ್ನು ಎತ್ತಿದರು. ನಾನು, ಮೂರ್ತಿ, ಕಿರೀಟ, ಎಲ್ಲರೂ ಕ್ಷೇಮವಾಗಿ ಅಲ್ತಾರು ಸೇರಿದೆವು. ಅಂಗಳದಲ್ಲಿ ಮಾತ್ರ ಬಹಳ ಹೊತ್ತು ನರಳುವ ಸದ್ದು ಕೇಳುತ್ತಿತ್ತು. ಒಬ್ಬರ ಹೆಗಲು ಹಿಡಿದು ಒಬ್ಬರು ಏಳುತ್ತಿದ್ದರು.

ತೇರ್ಸ್ ಮುಗಿದು, ಬಂದವರಿಗೆಲ್ಲ ಹಲಸಿನ ತೊಳೆ ಹಂಚಿ ಆದ ಮೇಲೆ ಗುರ್ಕಾರರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ವಿನ್ಸಿ, ನಿನ್ನ ಅಪ್ಪ ಕೂಡ ಹೀಗೆ ಪ್ರಾರ್ಥಿಸಿದ್ದು ನಾನು ನೋಡಿಲ್ಲ. ಮೂರ್ತಿ ಹೊತ್ತು ಮನೆ ಮನೆ ನಡೆಯಲು ನನ್ನ ಮೊಣಕಾಲಿಗೆ ಈಗ ಆಗುವುದಿಲ್ಲ ಮಾರಾಯ. ಉಳಿದ ಮನೆಗಳಿಗೆಲ್ಲ ಮೂರ್ತಿ ನೀನೇ ತೆಗೆದುಕೊಂಡು ಹೋಗು. ಪ್ರತಿ ಹೊಸ್ತಿಲಲ್ಲೂ ಹೀಗೇ ಸ್ವಲ್ಪ ಹೊತ್ತು ಮೊಣಕಾಲೂರು. ಆಗುವುದಿಲ್ಲವಾದರೆ ಈಗಲೇ ಹೇಳು."

ಜೆಸಿಂತಾ ಅಡುಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ 'ಹೇಳಿ, ಹೇಳಿ' ಎನ್ನುತ್ತಿದ್ದಳು. ವಾಡೆಯ ಜನ ನನ್ನನ್ನೇ ನೋಡುತ್ತಿದ್ದರು, ಯಾರೂ ಎಂದೂ ನನ್ನನ್ನು ನೋಡದಂಥ ಗೌರವದಿಂದ. ನಾನು ಬೇಯುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ, ಆ ಮರುವಾಯಿಯ ಹಾಗೆ.