ವೀರಯ್ಯನವರ ಬೀಗಯಂತ್ರ ಮತ್ತು ನವಿಲು ಸ್ಟೌ

"ಮೇಡಂ, ಇವತ್ತಿಂದ ನಿಮಗೆ ರಿಟೈರ್‌ಮೆಂಟು!" ಎನ್ನುತ್ತ ಪಕ್ಕದ ಮನೆಯ ಚಿಕ್ಕವೀರಯ್ಯನವರು ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮನೆಯೊಳಗೆ ನುಗ್ಗಿದರು. ಕೈಯಲ್ಲಿ ಟವೆಲ್ ಮುಚ್ಚಿದ ಗುಂಡನೆಯ ಏನೋ ಒಂದು ಇತ್ತು.

"ನಾನು ಪೋಸ್ಟಾಫೀಸಿಂದ ರಿಟೈರ್ ಆಗಿ ಆರು ವರ್ಷ ಆಯ್ತಲ್ರೀ," ಎಂದೆ.

"ಆ ಕೆಲಸ ಅಲ್ಲ ಮೇಡಂ. ಸ್ಟೌ ಕೆಲಸದಿಂದ!"

ಸ್ಟೌ ಕೆಲಸ ಎಂದರೆ ಅಡುಗೆಯಲ್ಲ. ಹಳೆಯ ಹಿತ್ತಾಳೆ ಪಂಪ್ ಸ್ಟೌಗಳನ್ನು ಹುಡುಕಿ, ಹುಣಸೆಹಣ್ಣು ಹಾಕಿ ಉಜ್ಜಿ, ಹೊತ್ತಿಸಿ, ಅದರ ಭುಸ್ಸೆನ್ನುವ ಸದ್ದನ್ನು ಕಣ್ಣು ಮುಚ್ಚಿ ಕೇಳಿ ಆನಂದಪಡುವ ಜನ ನಮ್ಮಲ್ಲಿ ಮುನ್ನೂರ ಹನ್ನೆರಡು ಮಂದಿ ಇದ್ದಾರೆ. ಇಂಟರ್‌ನೆಟ್ಟಿನಲ್ಲಿ ನಮ್ಮದೊಂದು ವೇದಿಕೆಯೂ ಇದೆ, 'ಪಂಪ್ ಸ್ಟೌ ಬಳಗ' ಅಂತ. ಅದರಲ್ಲಿ ಕೊಡುವ ಕೊಳ್ಳುವ ಜಾಗಕ್ಕೆ 'ಮಾರಾಟ ಕಟ್ಟೆ' ಎಂದು ಹೆಸರು. ಆ ಕಟ್ಟೆಯನ್ನು ಕಾಯುವವಳು ನಾನು, ಇಂದ್ರಾಣಿ.

ಕಾಯುವುದು ಎಂದರೆ ಸುಮ್ಮನೆಯಲ್ಲ. ಬೆಲೆ ಹಾಕದೆ 'ಫೋನ್ ಮಾಡಿ' ಎನ್ನುವವರನ್ನು ಗದರಬೇಕು. ಸ್ಟೌ ಪಕ್ಕದಲ್ಲಿ ಆ ದಿನದ ಪತ್ರಿಕೆ ಇಟ್ಟು ಫೋಟೊ ತೆಗೆದಿದ್ದಾರೋ ಇಲ್ಲವೋ ನೋಡಬೇಕು, ಇಲ್ಲದಿದ್ದರೆ ಹತ್ತು ವರ್ಷದ ಹಿಂದೆ ಫಳಫಳ ಹೊಳೆಯುತ್ತಿದ್ದ ಫೋಟೊ ಹಾಕಿ ಇವತ್ತಿನ ತುಕ್ಕು ಕಳಿಸುತ್ತಾರೆ. ಕಟ್ಟೆಯಲ್ಲಿ ಚೌಕಾಸಿ ಮಾಡುವ ಹಾಗಿಲ್ಲ. ಕುಂದು ಮುಚ್ಚಿಡುವ ಹಾಗಿಲ್ಲ. ಯಾರು ಮೊದಲು 'ನನಗಿರಲಿ' ಎಂದು ಬರೆಯುತ್ತಾರೋ ವಸ್ತು ಅವರದ್ದು. ಇವೆಲ್ಲ ನಾನೇ ಬರೆದ ನಿಯಮಗಳು. ಕೊನೆಯದಾಗಿ, ಪಕ್ಷಪಾತ ಬೇಡವೆಂದು ಇನ್ನೊಂದನ್ನೂ ಸೇರಿಸಿದ್ದೆ: ಕಟ್ಟೆ ಕಾಯುವವರು ಒಂದು ಗಂಟೆ ಕಳೆದ ಮೇಲಷ್ಟೇ 'ನನಗಿರಲಿ' ಎನ್ನಬಹುದು.

ಈ ಕೊನೆಯ ನಿಯಮ ಬರೆದ ಕೈಯನ್ನು ಆಮೇಲೆ ಎಷ್ಟು ಸಲ ಶಪಿಸಿದ್ದೇನೋ! ಒಳ್ಳೆಯ ಸ್ಟೌ ಬಂದರೆ ನಾಲ್ಕು ನಿಮಿಷಕ್ಕೆ ಹೋಗಿಬಿಡುತ್ತದೆ. ನಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದದ್ದು ಒಂದೇ ಒಂದು, ನವಿಲು ಗುರುತಿನ ಎರಡು ಬರ್ನರ್ ಸ್ಟೌ. ನಮ್ಮಮ್ಮನ ಹತ್ತಿರ ಅಂಥದ್ದಿತ್ತು. ಮನೆಗೆ ಗ್ಯಾಸ್ ಬಂದ ವಾರ, ಅಮ್ಮ ಸಂತೆಗೆ ಹೋಗಿದ್ದಾಗ, ನಾನು ಅದನ್ನು ಬೀದಿಯಲ್ಲಿ ಬಂದ ಪಾತ್ರೆಯವನಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡೆ. ಅಮ್ಮ ಬೈಯಲಿಲ್ಲ. ಎಂಟು ದಿನ ಮಾತಾಡಲಿಲ್ಲ, ಅಷ್ಟೆ. ಆ ಡಬರಿಯನ್ನು ಕಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇರಲಿ. ವೀರಯ್ಯನವರು ಟವೆಲ್ ಎಳೆದರು. ಒಳಗಿದ್ದದ್ದು ಒಂದು ಇಡ್ಲಿ ಪಾತ್ರೆ. ಅದರ ಮುಚ್ಚಳದ ಮೇಲೊಂದು ಗಾಜಿನ ಕಣ್ಣು, ಪಕ್ಕದಲ್ಲಿ ಸ್ಕೂಟರ್ ಹಾರನ್ನು.

"ಬೀಗಯಂತ್ರ!" ಎಂದರು. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಗಂಟಲು ಅದು, ಇಡೀ ಬೀದಿಗೆ ಕೇಳಿಸಿತು. "ನಿಮ್ಮ ನಿಯಮ ಎಲ್ಲಾ ಇದಕ್ಕೆ ಬಾಯಿಪಾಠ ಮಾಡ್ಸಿದೀನಿ. ಯಾರಾದ್ರೂ ತಪ್ಪಿದ್ರೆ ಬರಹಕ್ಕೆ ಮಾತ್ರ ಅಲ್ಲ, ವಸ್ತುಗೇ ಬೀಗ! ತಡೆ ಅಲೆ ಅಂತ ಬಿಡತ್ತೆ. ಎದುರಿಗಿದ್ರೆ ನೇರವಾಗಿ, ದೂರ ಇದ್ರೆ ಅವರ ಫೋನಿನ ಮೂಲಕ. ತಪ್ಪು ಸರಿ ಮಾಡೋ ತನಕ ಆ ವಸ್ತು ಕೂತ ಜಾಗ ಬಿಟ್ಟು ಕದಲಲ್ಲ!"

"ನನ್ನ ಇಡ್ಲಿ ಪಾತ್ರೆ!" ಎಂದು ಬಾಗಿಲಿನಿಂದ ಒಂದು ಕೂಗು ಬಂತು. ಅವರ ಹೆಂಡತಿ ಸರ್ವಮಂಗಳ. "ಮೂರು ದಿನದಿಂದ ಹುಡುಕ್ತಿದೀನಿ. ಕೆಲಸದವಳ ಮೇಲೆ ಅನುಮಾನ ಪಟ್ನಲ್ರೀ!"

"ವಿಜ್ಞಾನಕ್ಕೆ ಒಂದು ಪಾತ್ರೆ ಕೊಡೋಕಾಗಲ್ವೇನೆ?"

"ವಿಜ್ಞಾನ ನಾಳೆ ತಿಂಡಿಗೆ ಏನು ಮಾಡತ್ತೆ ಕೇಳಿ!"

ಅಷ್ಟರಲ್ಲಿ ಯಂತ್ರ 'ಪೋಂ' ಎಂದಿತು. ಹಾಸನದ ಸದಸ್ಯರೊಬ್ಬರು ಕಟ್ಟೆಯಲ್ಲಿ 'ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ' ಎಂದು ಬರೆದಿದ್ದರು. ಯಂತ್ರ ಅದನ್ನು ಅಳಿಸಿ, 'ಚೌಕಾಸಿ ನಿಷಿದ್ಧ' ಎಂದು ಬರೆದೇಬಿಟ್ಟಿತು. ನನಗೆ ನಿಜಕ್ಕೂ ಸಂತೋಷವಾಯಿತು. ಎಷ್ಟೋ ದಿನದ ಮೇಲೆ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದೆ.

ಎರಡನೆಯ ಲೋಟಕ್ಕೆ ಅವಕಾಶ ಸಿಗಲಿಲ್ಲ. ಸೊಪ್ಪಿನ ಗಾಡಿ ಬಂತು. ಸರ್ವಮಂಗಳ ಹೊರಗೆ ಹೋಗಿ, "ಕಟ್ಟು ಇಪ್ಪತ್ತಾ? ಹದಿನೈದಕ್ಕೆ ಕೊಡಪ್ಪ" ಎಂದಳು. ಕಿಟಕಿಯಲ್ಲಿ ಕೂತಿದ್ದ ಯಂತ್ರದ ಕಣ್ಣು ಗರಗರ ತಿರುಗಿತು.

"ಪೋಂ! ಚೌಕಾಸಿ ನಿಷಿದ್ಧ!"

ಗಾಡಿಯ ನಾಲ್ಕೂ ಚಕ್ರಗಳು ಅಲ್ಲೇ ನಿಂತವು. ಸೊಪ್ಪಿನವನು ತಳ್ಳಿದ, ಎಳೆದ, ಗಾಡಿಗೆ ಭುಜ ಕೊಟ್ಟ. ಹಿಂದೆ ಆಟೊ, ಅದರ ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಶಾಲೆಯ ವ್ಯಾನು. ಬೀದಿ ತುಂಬ ಹಾರನ್ನು!

"ಮಂಗಳಾ, ಇಪ್ಪತ್ತು ಅಂತ ಒಪ್ಪಿಕೊಳ್ಳೇ!" ಎಂದು ವೀರಯ್ಯನವರು ಅಂಗಲಾಚಿದರು.

"ಸಾಧ್ಯ ಇಲ್ಲ! ಬಾಡಿದ ಸೊಪ್ಪಿಗೆ ಇಪ್ಪತ್ತಾ?"

"ಪೋಂ! ಕುಂದು ಮುಚ್ಚಿಡಲಾಗಿದೆ!" ಎಂದಿತು ಯಂತ್ರ. ಈಗ ತಕ್ಕಡಿಗೂ ಬೀಗ. ಕೊನೆಗೆ ಸೊಪ್ಪಿನವನು ಬೀದಿಯ ನಡುವೆ ನಿಂತು, "ನೆನ್ನೆ ಸೊಪ್ಪು ಸ್ವಾಮಿ, ನೀರು ಚಿಮುಕ್ಸಿದೀನಿ!" ಎಂದು ಕೂಗಿ, ಸರ್ವಮಂಗಳ 'ಸೊಪ್ಪೇ ಬೇಡ' ಎಂದ ಮೇಲೆ ಚಕ್ರ ಉರುಳಿತು. ಆಮೇಲೆ ಅವನು ನಮ್ಮ ಬೀದಿಗೆ ಒಂದು ವಾರ ಬರಲಿಲ್ಲ.

ಒಂಬತ್ತು ಗಂಟೆಗೆ ವೀರಯ್ಯನವರ ಮಹಡಿ ಮನೆ ನೋಡಲು ಬಾಡಿಗೆಯ ದಂಪತಿ ಬಂದರು. ಆ ಮನೆ ಎಂಟು ತಿಂಗಳಿಂದ ಖಾಲಿ. ಕಾರಣ ಬೀದಿಗೆಲ್ಲ ಗೊತ್ತು, ಮಹಡಿಗೆ ನೀರು ಏರುವುದಿಲ್ಲ. ವೀರಯ್ಯನವರು ಮೆಟ್ಟಿಲ ಕೆಳಗೆ ನಿಂತು, "ಗಾಳಿ, ಬೆಳಕು, ಇಪ್ಪತ್ನಾಲ್ಕು ಗಂಟೆ ನೀರು!" ಎಂದದ್ದೇ ತಡ, ನಮ್ಮ ಕಿಟಕಿಯಿಂದ 'ಪೋಂ' ಕೇಳಿಸಿತು. ಮಹಡಿಯ ಬಾಗಿಲು ಜಪ್ಪಯ್ಯ ಅಂದರೂ ತೆಗೆಯಲಿಲ್ಲ.

"ನೀರು ಏರಲ್ಲ ಅಂತ ಹೇಳ್ಬಿಡಿ," ಎಂದಳು ಸರ್ವಮಂಗಳ.

"ಹೇಳಿದ್ರೆ ಬಾಡಿಗೆಗೆ ಬರ್ತಾರೇನೆ?"

"ಹೇಳ್ದೇ ಇದ್ರೆ ಬಾಗ್ಲು ತೆಗೆಯತ್ತೇನ್ರೀ?"

ಗಂಡ ಹೆಂಡತಿ ಇತ್ತ ಜಗಳವಾಡುತ್ತಿದ್ದ ಹಾಗೇ ಆ ದಂಪತಿ ಮೆಲ್ಲಗೆ ಗೇಟು ದಾಟಿ ಹೋದರು. ನಾನು ಕಿಟಕಿಯಲ್ಲಿ ನಿಂತು ಮನಸಾರೆ ನಕ್ಕೆ. ನಿಯಮ ಎಂದರೆ ಹೀಗಿರಬೇಕು ಎಂದುಕೊಂಡೆ. ಬೇರೆಯವರ ಮೇಲೆ ಬೀಳುವಾಗ ನಿಯಮ ಬಹಳ ಚಂದ ಕಾಣುತ್ತದೆ.

ಹತ್ತು ಗಂಟೆಗೆ ತಿಪಟೂರಿನ ಕಲ್ಲೇಶಿ ಎನ್ನುವವರು ಕಟ್ಟೆಯಲ್ಲಿ ಹೊಸದಾಗಿ ಒಂದು ಫೋಟೊ ಹಾಕಿದರು.

ಎರಡು ಬರ್ನರ್. ಹಿತ್ತಾಳೆ. ಹೊಟ್ಟೆಯ ಮೇಲೆ ಗರಿ ಬಿಚ್ಚಿದ ನವಿಲು.

ಅಮ್ಮ ಕೂರುತ್ತಿದ್ದ ಮಣೆ, ಬರ್ನರಿನ ತೂತು ಬಿಡಿಸುವ ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ ರೀತಿ, ಎಲ್ಲ ಒಟ್ಟಿಗೆ ನೆನಪಾಯಿತು. ಇನ್ನು ನಾಲ್ಕು ನಿಮಿಷ. ಮುನ್ನೂರ ಹನ್ನೊಂದು ಜನರಲ್ಲಿ ಒಬ್ಬರಿಗಾದರೂ ಬೇಡವೇ? ಫೋಟೊವನ್ನು ಮತ್ತೆ ನೋಡಿದೆ. ಸ್ಟೌವಿನ ಒಂದು ಕಾಲು ಪತ್ರಿಕೆಯ ತಾರೀಖಿನ ಅರ್ಧ ಭಾಗವನ್ನು ಮುಚ್ಚಿತ್ತು. ಬೇರೆ ದಿನವಾಗಿದ್ದರೆ ನೋಡಿಯೂ ನೋಡದ ಹಾಗೆ ಬಿಡುತ್ತಿದ್ದೆ.

ಯಂತ್ರದ ಕಡೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, "ತಾರೀಖು ಪೂರ್ತಿ ಕಾಣಿಸ್ತಿಲ್ಲ, ಅಲ್ವಾ?" ಎಂದೆ.

"ಪೋಂ!" ಎಂದಿತು ಯಂತ್ರ. ಬೀಗ ಬಿತ್ತು. ಇನ್ನು ಯಾರೂ 'ನನಗಿರಲಿ' ಎನ್ನುವ ಹಾಗಿಲ್ಲ.

ಎರಡೇ ನಿಮಿಷಕ್ಕೆ ಕಲ್ಲೇಶಿಯವರ ಫೋನು. "ಮೇಡಂ, ಸ್ಟೌ ಊಟದ ಟೇಬಲ್ಲಿಗೆ ಅಂಟ್ಕೊಂಡ್ಬಿಟ್ಟಿದೆ! ಕಾಲು ಸರಿಸಿ ತಾರೀಖು ತೋರ್ಸೋಣ ಅಂದ್ರೆ ಸ್ಟೌ ಅಲ್ಲಾಡಲ್ಲ, ಸ್ಟೌ ಕೆಳಗಿನ ಪೇಪರ್ರೂ ಬರಲ್ಲ. ಏನ್ಮಾಡ್ಲಿ?"

"ಸ್ವಲ್ಪ ಕಾಯಿರಿ. ಒಂದು... ಒಂದು ಗಂಟೆಯಲ್ಲಿ ನೋಡೋಣ," ಎಂದೆ. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಒಂದು ಕಾರ್ಡನ್ನೂ ತಡಮಾಡದವಳು ನಾನು! ನನ್ನ ಬಾಯಿಂದಲೇ ಈ ಮಾತು.

ಹನ್ನೊಂದು ಗಂಟೆ ಹೊಡೆಯುತ್ತಿದ್ದ ಹಾಗೆ ಕಾಣುವ ಅರ್ಧ ತಾರೀಖೇ ಸಾಕು ಎಂದು ಯಂತ್ರಕ್ಕೆ ಹೇಳಿ ಬೀಗ ತೆಗೆಸಿ, ತಕ್ಷಣ 'ನನಗಿರಲಿ' ಎಂದು ಬರೆದೆ.

"ಪೋಂ! ಪೋಂ! ಪೋಂ!"

"ಏನಾಯ್ತು ಮೇಡಂ?" ಎಂದು ವೀರಯ್ಯ ದಂಪತಿ ಓಡಿ ಬಂದರು.

"ಕುಂದು ಮುಚ್ಚಿಡಲಾಗಿದೆ," ಎಂದಿತು ಯಂತ್ರ. "ಕೊಳ್ಳುವವರ ಕಡೆಯಿಂದ."

ನಾನು ಏಳಲು ನೋಡಿದೆ. ಆಗಲಿಲ್ಲ. ನಾನು ಕುರ್ಚಿಗೆ, ಕುರ್ಚಿ ನೆಲಕ್ಕೆ! ವೀರಯ್ಯನವರು ಒಂದು ಕೈ, ಸರ್ವಮಂಗಳ ಇನ್ನೊಂದು ಕೈ ಹಿಡಿದು ಎಳೆದರು. ನನ್ನ ಬಳೆ ಎರಡು ಒಡೆದವೇ ಹೊರತು ನಾನು ಕದಲಲಿಲ್ಲ.

"ಇದನ್ನ ಆಫ್ ಮಾಡ್ರೀ!" ಎಂದೆ.

ವೀರಯ್ಯನವರು ತಲೆ ಕೆರೆದುಕೊಂಡರು. "ಸ್ವಿಚ್ಚು ಇಟ್ರೆ ಯಾರಾದ್ರೂ ಮೋಸಗಾರರು ಆಫ್ ಮಾಡ್ಬಿಡ್ತಾರೆ ಅಂತ ಇಟ್ಟಿಲ್ಲ ಮೇಡಂ."

"ಮೇಡಂ, ಏನು ಮುಚ್ಚಿಟ್ಟಿದೀರ? ಹೇಳ್ಬಿಡಿ," ಎಂದಳು ಸರ್ವಮಂಗಳ, ದನಿ ತಗ್ಗಿಸಿ. "ನಮ್ಮನೆಯವರು ಬಾಯ್ಬಿಟ್ಟು ನೀರಿನ ವಿಷಯ ಹೇಳ್ಲಿಲ್ಲ, ಬಾಗ್ಲು ಇನ್ನೂ ತೆಗೆದಿಲ್ಲ ನೋಡಿ. ಮೇಲೆ ಒಣಗಾಕಿದ್ದ ಹಪ್ಪಳ ಒಳಗೇ ಇದೆ."

ಕೈಯಲ್ಲಿ ಫೋನಿತ್ತು. ಮುನ್ನೂರ ಹನ್ನೊಂದು ಜನ ಓದುವ ಜಾಗ. ಅವರಲ್ಲಿ ಅರ್ಧದಷ್ಟು ಜನರಿಗೆ ನಾನು ಒಂದಲ್ಲ ಒಂದು ದಿನ ನಿಯಮ ಹೇಳಿಕೊಟ್ಟವಳು. ಆದರೂ ಬರೆದೆ. ಆಸೆಯಿಂದ ಬೀಗ ಹಾಕಿಸಿದ್ದು ನಾನೇ ಎಂದು ಬರೆದೆ. ಬರೆಯಲು ಕೂತ ಮೇಲೆ ಕೈ ನಿಲ್ಲಲಿಲ್ಲ, ಪಾತ್ರೆಯವನು, ಡಬರಿ, ಅಮ್ಮ ಮಾತಾಡದ ಎಂಟು ದಿನ, ಅವನ್ನೂ ಬರೆದೆ. 'ನನ್ನ ನನಗಿರಲಿಯನ್ನು ವಾಪಸು ತೆಗೆದುಕೊಂಡಿದ್ದೇನೆ. ಸ್ಟೌ ಈಗ ಹೊಸದಾಗಿ ಕಟ್ಟೆಗೆ ಬಂದಿದೆ ಎಂದು ತಿಳಿಯಿರಿ. ಯಾರು ಬೇಕಾದರೂ ತೆಗೆದುಕೊಳ್ಳಬಹುದು' ಎಂದು ಮುಗಿಸಿದೆ.

ಹನ್ನೊಂದೂವರೆಗೆ ಯಂತ್ರ ಸುಮ್ಮನಾಯಿತು. ನಾನು ಎದ್ದು ನಿಂತೆ.

ಐದು ನಿಮಿಷ ಕಳೆಯಿತು. ಯಾರೂ ಬರೆಯಲಿಲ್ಲ. ಹತ್ತು ನಿಮಿಷ. ಇಪ್ಪತ್ತು.

"ವೀರಯ್ಯನವರೇ, ನಿಮ್ಮ ಪಾತ್ರೆ ಎಲ್ಲರಿಗೂ ಬೀಗ ಹಾಕಿದೆ, ನೋಡಿ!"

ಅವರು ಮುಚ್ಚಳ ತೆಗೆದು ಒಳಗೆ ಇಣುಕಿದರು. "ಕಟ್ಟೆಯಲ್ಲಿ ಒಂದೂ ಬೀಗ ಇಲ್ಲ ಮೇಡಂ. ಇನ್ನೂರ ಎಂಬತ್ತು ಜನ ಓದ್ತಾ ಇದಾರೆ. ಸುಮ್ನೆ ಕೂತಿದಾರೆ, ಅಷ್ಟೆ."

ನನಗೆ ಅರ್ಥವಾಗಲಿಲ್ಲ. ಸರ್ವಮಂಗಳ ಕಾಫಿ ಮಾಡಿ ತಂದಳು, ಅದು ತಣ್ಣಗಾಯಿತು. ಹನ್ನೆರಡೂವರೆಗೆ ಸರಿಯಾಗಿ ಕಲ್ಲೇಶಿಯವರ ಒಂದು ಸಾಲು ಬಂತು.

'ಮೇಡಂ, ಒಂದು ಗಂಟೆ ಆಯ್ತು.'

ಅದರ ಕೆಳಗೆ ಹಾಸನದವರು ಬರೆದರು: 'ಬೇಗ ಬರೀರಿ ಮೇಡಂ, ನಮ್ಮ ಕೈ ತುರಿಸ್ತಿದೆ!'

ಕಣ್ಣು ಮಂಜಾಗಿ ಅಕ್ಷರ ಕಾಣಿಸಲಿಲ್ಲ. 'ನನಗಿರಲಿ' ಎಂದು ಬರೆಯಲು ಮೂರು ಸಲ ತಪ್ಪಿದೆ. ಯಂತ್ರ ಒಮ್ಮೆಯೂ ಪೋಂ ಎನ್ನಲಿಲ್ಲ.

ಸ್ಟೌ ಮುಂದಿನ ವಾರ ಬಂತು. ಪಿನ್ ಹಾಕಿ, ಪಂಪ್ ಮಾಡಿ ಹೊತ್ತಿಸಿದೆ. ಭುಸ್ಸೆಂದು ಅದು ಶುರುವಾದಾಗ ಅಮ್ಮನ ಮೌನ ಮುಗಿಯಿತು ಎನಿಸಿತು. ಆ ಸ್ಟೀಲ್ ಡಬರಿಯಲ್ಲೇ ಹಾಲು ಕಾಯಿಸಿದೆ.

ಇನ್ನು ಯಂತ್ರದ ಕತೆ. ಅದು ವೀರಯ್ಯನವರ ಮನೆಗೆ ವಾಪಸಾಯಿತು. "ಅದು ಇದ್ದ ಮನೇಲಿ ನಾನಿರಲ್ಲ," ಎಂದಳು ಸರ್ವಮಂಗಳ. 'ನಿಮ್ಮ ಕಣ್ಣು ಈಗ ಹ್ಯಾಗಿದೆ' ಎಂದು ಅವಳ ಅತ್ತಿಗೆ ಫೋನಿನಲ್ಲಿ ಕೇಳಿದಾಗ, ನೋವಿದ್ದರೂ 'ಚೆನ್ನಾಗಿದೆ' ಅಂದಳೆಂದು ಫೋನಿಗೇ ಬೀಗ ಬಿದ್ದಿತ್ತಂತೆ! ವೀರಯ್ಯನವರು ಮನಸ್ಸಿಲ್ಲದ ಮನಸ್ಸಿನಿಂದ ಬೀಗಯಂತ್ರವನ್ನೇ ಮಾರಾಟ ಕಟ್ಟೆಗೆ ಹಾಕಿದರು. ಬೆಲೆ, ಆ ದಿನದ ಪತ್ರಿಕೆ, ಕುಂದುಗಳ ಪಟ್ಟಿ ಎಲ್ಲ ಸರಿಯಾಗಿತ್ತು. ಪಟ್ಟಿ ಹದಿನೇಳು ಸಾಲು ಉದ್ದವಿತ್ತು, ಹದಿನೆಂಟನೆಯದನ್ನು ಯಂತ್ರವೇ ಸೇರಿಸಿತು: 'ಇಡ್ಲಿ ಬೇಯುವುದಿಲ್ಲ.'

ಮುನ್ನೂರ ಹನ್ನೆರಡು ಜನರಲ್ಲಿ ಒಬ್ಬರೂ ಅದರ ತಂಟೆಗೆ ಹೋಗಲಿಲ್ಲ. ಕಟ್ಟೆ ಕಾಯುವವರ ನಿಯಮದಂತೆ ಸರಿಯಾಗಿ ಒಂದು ಗಂಟೆ ಕಾದು, ಯಂತ್ರವೇ 'ನನಗಿರಲಿ' ಎಂದು ಬರೆಯಿತು. ನಿಯಮದ ಪ್ರಕಾರ ಅದು ಈಗ ಅದರದ್ದೇ. ನಾನು ಏನೂ ಮಾಡುವ ಹಾಗಿರಲಿಲ್ಲ. ಅದೇ ದಿನ ಮಹಡಿಯ ಬಾಗಿಲಿನ ಮುಂದೆ 'ನೀರು ಏರಲ್ಲ!' ಎಂದು ವೀರಯ್ಯನವರು ಕೂಗಿ ಬೀಗ ಬಿಡಿಸಿ, ಯಂತ್ರವನ್ನು ಒಳಗೆ ಕೂರಿಸಿದರು.

ಎಂಟು ತಿಂಗಳ ಮೇಲೆ ಆ ಮನೆಗೆ ಬಂದ ಬಾಡಿಗೆದಾರ ಅದೇ. ಇದುವರೆಗೆ ನೀರಿಲ್ಲವೆಂದು ಒಂದು ದಿನವೂ ದೂರಿಲ್ಲ.